ಬೀಳುವವನ ಕೈಗೆ ಸ್ವಿಚ್ ಸಿಗುವುದಿಲ್ಲ

ಮುಂಗಾರು ನಾಲ್ಕು ದಿನ ಬಿಡುವು ಕೊಟ್ಟರೆ ಸಾಕು, ಬಣಕಲ್ ಸುತ್ತಲಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆಯೇ ಕಳೆ ಹೊಡೆಯುವ ಮಿಷನ್ನುಗಳ ಸದ್ದು ಏಳುತ್ತದೆ. ಹೆದ್ದಾರಿಯ ಆಚೆ ಒಂದು, ಕೊಟ್ಟಿಗೆಹಾರದ ಕಡೆಯ ಇಳಿಜಾರಿನಲ್ಲಿ ಇನ್ನೊಂದು, ಕಣ್ಣಿಗೆ ಕಾಣದ ಯಾವುದೋ ತಗ್ಗಿನಿಂದ ಮತ್ತೊಂದು. ಒಂದು ಕಾಲಕ್ಕೆ ಈ ಕೆಲಸಕ್ಕೆ ಕತ್ತಿ ಹಿಡಿದ ಆಳುಗಳ ಸಾಲು ಇಳಿಯುತ್ತಿತ್ತು. ಲೈನ್ ಮನೆಗಳು ಖಾಲಿಯಾಗುತ್ತ ಬಂದ ಹಾಗೆ ಸಾಲು ಸಣ್ಣದಾಯಿತು. ಈಗ ಹೆಗಲಿಗೆ ಎಂಜಿನ್ ಏರಿಸಿಕೊಂಡ ಇಬ್ಬರು ಮೂವರು ಬಂದು ಎಕರೆಗಟ್ಟಲೆ ಹೊಡೆದು ಹೋಗುತ್ತಾರೆ. ಬ್ರಷ್ ಕಟರ್, ವೀಡ್ ಕಟರ್, ಕಳೆ ಮಿಷನ್, ಹೆಸರು ಯಾವುದಾದರೂ ಯಂತ್ರ ಒಂದೇ.

ಸಾಮಾನ್ಯವಾಗಿ 35 ಸಿಸಿ ಆಸುಪಾಸಿನ ಪೆಟ್ರೋಲ್ ಎಂಜಿನ್ ಅದು, ಸ್ಕೂಟರಿನ ಎಂಜಿನ್ನಿನ ಮೂರರಲ್ಲೊಂದು ಪಾಲು. ಉದ್ದನೆಯ ಕೊಳವೆಯ ತುದಿಯಲ್ಲಿ ಉಕ್ಕಿನ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಇದನ್ನು ಮಾಡಿದವರು ಸುರಕ್ಷತೆಯನ್ನು ಮರೆತಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಿಡಿಕೆಯಲ್ಲಿ ಎರಡು ಲಿವರ್ ಇರುತ್ತವೆ. ಅಂಗೈ ಒಂದನ್ನು ಒತ್ತಿ ಹಿಡಿದರೆ ಮಾತ್ರ ಬೆರಳು ಇನ್ನೊಂದನ್ನು, ಅಂದರೆ ಎಕ್ಸಲೇಟರನ್ನು, ಎಳೆಯಬಹುದು. ಬೆರಳು ಬಿಟ್ಟರೆ ಎಂಜಿನ್ ತಗ್ಗುತ್ತದೆ, ಒಳಗಿನ ಕ್ಲಚ್ ತಾನಾಗಿ ಬಿಡುತ್ತದೆ, ಬ್ಲೇಡು ಹಳೆಯ ರಭಸಕ್ಕೆ ಕೆಲವು ಸೆಕೆಂಡು ತಿರುಗಿ ನಿಧಾನವಾಗಿ ನಿಲ್ಲುತ್ತದೆ. ಹೆಬ್ಬೆರಳ ಹತ್ತಿರ ಎಂಜಿನ್ ಆರಿಸುವ ಸ್ವಿಚ್ಚು. ಎದೆಯ ಮೇಲಿನ ಬೆಲ್ಟಿಗೆ ಒಂದೇ ಎಳೆತಕ್ಕೆ ಕಳಚಿಕೊಳ್ಳುವ ಕೊಂಡಿ.

ಇಷ್ಟೆಲ್ಲ ಕಾರ್ಖಾನೆಯಿಂದ ಹೊರಬಿದ್ದ ದಿನದ ಮಾತು. ಎರಡು ಮಳೆಗಾಲ ಕಳೆದ ಮಿಷನ್ನನ್ನು ಕೈಯಲ್ಲಿ ಹಿಡಿದು ನೋಡಿದರೆ ಕತೆ ಬೇರೆ. ದಿನವಿಡೀ ಲಿವರ್ ಒತ್ತಿ ಬೆರಳು ಸೋಲುತ್ತದೆಂದು ಅದಕ್ಕೆ ಸೈಕಲ್ ಟ್ಯೂಬಿನ ಚೂರು ಬಿಗಿದಿರುತ್ತಾರೆ. ಸ್ವಿಚ್ಚಿನ ವೈರು ಎಲ್ಲೋ ಕಾಫಿ ಗಿಡದ ರೆಕ್ಕೆಗೆ ಸಿಕ್ಕಿ ಕಿತ್ತು ಹೋಗಿರುತ್ತದೆ. ಆಫ್ ಮಾಡುವುದು ಹೇಗೆಂದು ಕೇಳಿದರೆ ಚೋಕ್ ಎಳೆದು ಉಸಿರು ಕಟ್ಟಿಸುವುದನ್ನು ತೋರಿಸುತ್ತಾರೆ. ಕೊಂಡಿಗೆ ತುಕ್ಕು. ರಕ್ಷಣೆಯ ಕವಚ ಕಳೆ ಸಿಕ್ಕಿಹಾಕಿಕೊಳ್ಳುತ್ತದೆಂದು ಬಿಚ್ಚಿ ಶೆಡ್ಡಿನ ಮೂಲೆ ಸೇರಿದೆ. ಒಂದೊಂದು ತೀರ್ಮಾನಕ್ಕೂ ಒಂದೊಂದು ಕಾರಣವಿದೆ, ಅವುಗಳಲ್ಲಿ ಯಾವುದೂ ಮೂರ್ಖತನದ್ದಲ್ಲ. ಆದರೆ ಎಲ್ಲ ಸೇರಿದ ಮೇಲೆ ಉಳಿಯುವುದು ತಾನಾಗಿ ನಿಲ್ಲಲು ಬಾರದ ಒಂದು ಯಂತ್ರ.

ಅದನ್ನು ಹೊತ್ತವನು ನಡೆಯುವ ನೆಲವಾದರೂ ಎಂಥದು? ಕೊಳೆತ ಎಲೆ, ಜಾರುವ ಕೆಂಪು ಮಣ್ಣು, ನೀರಿಂಗಲೆಂದು ಗಿಡಗಳ ನಡುವೆ ತೆಗೆದು ಈಗ ಕಳೆಯಲ್ಲಿ ಮುಚ್ಚಿಹೋದ ಗುಂಡಿಗಳು. ಇಲ್ಲಿ ಬೀಳುವುದು ಅಪರೂಪದ ಸಂಗತಿಯಲ್ಲ. ಬಿದ್ದಾಗ ಕೈ ಮೊದಲು ನೆಲವನ್ನೋ ಗಿಡವನ್ನೋ ಹುಡುಕುತ್ತದೆ, ಸ್ವಿಚ್ಚನ್ನಲ್ಲ.

ಹಿಮ ಬೀಳುವ ದೇಶಗಳಲ್ಲಿ ಈ ಸಮಸ್ಯೆಗೆ ಒಂದು ದಾರದ ಉತ್ತರ ಕಂಡುಕೊಂಡಿದ್ದಾರೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನದ ಹಿಡಿಕೆಯ ಬಳಿ ಒಂದು ಟೊಪ್ಪಿಯಿರುತ್ತದೆ. ಅದರಿಂದ ಹೊರಟ ಸುರುಳಿ ಸುರುಳಿಯಾದ ದಾರದ ಇನ್ನೊಂದು ತುದಿ ಸವಾರನ ಜಾಕೆಟ್ಟಿಗೋ ಮಣಿಕಟ್ಟಿಗೋ ಸಿಕ್ಕಿಸಿರುತ್ತದೆ. ಸವಾರ ಬಿದ್ದರೆ ದಾರ ಜಗ್ಗುತ್ತದೆ, ಟೊಪ್ಪಿ ಕಳಚುತ್ತದೆ, ಎಂಜಿನ್ ಸಾಯುತ್ತದೆ. ಅವನು ಏನನ್ನೂ ಒತ್ತಬೇಕಿಲ್ಲ, ಎಚ್ಚರವಾಗಿರಬೇಕೆಂದೂ ಇಲ್ಲ. ಬೀಳುವ ಕ್ರಿಯೆಯೇ ಸ್ವಿಚ್ಚು ಒತ್ತುತ್ತದೆ.

ಕನ್ನಡಿಗರಿಗೆ ಸ್ನೋಮೊಬೈಲ್ ತೀರಾ ಅಪರಿಚಿತವೇನಲ್ಲ. ಗುಲ್ಮಾರ್ಗ್‌ಗೋ ಮನಾಲಿಯ ಸೊಲಾಂಗ್ ಕಣಿವೆಗೋ ಹೋಗಿ ಬಂದವರ ಮೊಬೈಲಿನಲ್ಲಿ ಅದರ ಮೇಲೆ ಕೂತ ಫೋಟೊ ಇರುತ್ತದೆ. ಸಿಯಾಚಿನ್‌ನಲ್ಲಿ ಸೇನೆ ಸಾಮಾನು ಸಾಗಿಸಲು ಬಳಸುವ ಸ್ನೋ ಸ್ಕೂಟರ್ ಅಂದರೂ ಇದೇ. ಆ ಎತ್ತರದಲ್ಲಿ ನಮ್ಮ ಜಿಲ್ಲೆಗಳ ಹುಡುಗರು ಕಾವಲಿದ್ದಾರೆ ಎಂಬುದು 2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರು ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿದ ಸುದ್ದಿಯಿಂದ ಇಡೀ ನಾಡಿಗೆ ತಿಳಿದಿತ್ತು.

ವಾಹನದ ಹುಟ್ಟು ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಸಣ್ಣ ಊರಿನಲ್ಲಿ. ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆ ಎಂಬ ಹುಡುಗ ಹದಿನೈದನೆಯ ವಯಸ್ಸಿನಲ್ಲಿ, 1922ರ ವರ್ಷದ ಕೊನೆಗೆ, ಹಳೆಯ ಫೋರ್ಡ್ ಎಂಜಿನ್ನಿಗೆ ಮರದ ರೆಕ್ಕೆ ಕಟ್ಟಿ ಜಾರುಬಂಡಿಯೊಂದನ್ನು ಹಿಮದ ಮೇಲೆ ಓಡಿಸಿದ. ಬಯಲಲ್ಲಿ ತಿರುಗುವ ಆ ರೆಕ್ಕೆಯನ್ನು ಕಂಡ ಅಪ್ಪ ತಕ್ಷಣ ಬಿಚ್ಚಿಹಾಕು ಅಂದರಂತೆ. ಈ ಲೇಖನದ ವಿಷಯಕ್ಕೆ ಆ ಅಪ್ಪನೇ ಮೊದಲ ಸುರಕ್ಷತಾಧಿಕಾರಿ. ಮುಂದೆ 1934ರ ಚಳಿಗಾಲದಲ್ಲಿ ಬೊಂಬಾರ್ಡಿಯೆ ಅವರ ಎರಡು ವರ್ಷದ ಮಗ ಅಪೆಂಡಿಕ್ಸ್ ಒಡೆದು ತೀರಿಕೊಂಡ. ಹಿಮ ತುಂಬಿದ ದಾರಿಯಲ್ಲಿ ಆಸ್ಪತ್ರೆ ಮುಟ್ಟಿಸಲು ಏನೂ ಇರಲಿಲ್ಲ. 1937ರ ಹೊತ್ತಿಗೆ ಏಳು ಜನ ಕೂರುವ ಹಿಮವಾಹನ ಮಾರಾಟಕ್ಕೆ ಬಂತು. ಒಬ್ಬಿಬ್ಬರು ಓಡಿಸುವ ಹಗುರ ಸ್ಕೀ-ಡೂ ಬಂದದ್ದು 1959ರಲ್ಲಿ. ಮಳೆಗಾಲದಲ್ಲಿ ಸಂಕ ಮುಳುಗಿ ಬಸುರಿಯನ್ನೋ ರೋಗಿಯನ್ನೋ ಹೊತ್ತು ದಾಟಿಸಿದ ನೆನಪಿರುವ ಮಲೆನಾಡಿನ ಊರುಗಳಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇಂದಿನ ಸ್ನೋಮೊಬೈಲ್ ಇನ್ನೂರು ಕಿಲೋಗೂ ಹೆಚ್ಚು ತೂಗುತ್ತದೆ, ದೊಡ್ಡ ಎಂಜಿನ್ನಿನವು ಗಂಟೆಗೆ 150 ಕಿ.ಮೀ. ದಾಟುತ್ತವೆ. ಒಳಗಿನ ವ್ಯವಸ್ಥೆ ಮಾತ್ರ ನಮ್ಮ ಗೇರಿಲ್ಲದ ಸ್ಕೂಟರಿನ ಸಂಬಂಧಿಯೇ: ಬೆಲ್ಟು, ಅಗಲ ಕಿರಿದಾಗುವ ಪುಲ್ಲಿ, ವೇಗ ಇಳಿದರೆ ತಾನಾಗಿ ಬಿಡುವ ಕ್ಲಚ್. ಎಕ್ಸಲೇಟರ್ ಹೆಬ್ಬೆರಳಿನಿಂದ ಒತ್ತುವ ಲಿವರ್. ಸವಾರ ಬಿದ್ದರೆ ಹೆಬ್ಬೆರಳು ಬಿಡುತ್ತದೆ, ಎಂಜಿನ್ ತಗ್ಗುತ್ತದೆ, ಕ್ಲಚ್ ಬಿಡುತ್ತದೆ, ವಾಹನ ನಿಲ್ಲುತ್ತದೆ. ಬ್ರಷ್ ಕಟರಿನ ಬಗ್ಗೆ ಹೇಳಿದ್ದೇ ಇಲ್ಲಿಯೂ. ಹಾಗಾದರೆ ದಾರ ಯಾಕೆ?

ಯಾಕೆಂದರೆ ಲಿವರ್ ಹಿಂದಕ್ಕೆ ಬರುತ್ತದೆ ಎಂಬ ನಂಬಿಕೆಗೆ ಚಳಿ ಸೊಪ್ಪು ಹಾಕುವುದಿಲ್ಲ. ಕೇಬಲ್ಲಿನೊಳಗೆ ಸೇರಿದ ತೇವ ಹೆಪ್ಪುಗಟ್ಟುತ್ತದೆ. ಕಾರ್ಬುರೇಟರಿನ ಒಳಗಿನ ಜಾರುಭಾಗ ತೆರೆದ ಸ್ಥಿತಿಯಲ್ಲೇ ಮಂಜು ಹಿಡಿದು ನಿಲ್ಲುತ್ತದೆ. ಲಿವರಿನ ಸಂದಿಯಲ್ಲಿ ಹಿಮ ಗಟ್ಟಿಯಾಗುತ್ತದೆ. ವಾಹನ ಮಗುಚಿದರೆ ಲಿವರ್ ನೆಲಕ್ಕೇ ಒತ್ತಿಕೊಂಡಿರಬಹುದು. ಲಿವರ್ ವಾಪಸು ಬಂದೂ ಕೇಬಲ್ ಸಡಿಲವಾಗಿ ಉಳಿದರೆ ಅದನ್ನು ಗುರುತಿಸಿ ಎಂಜಿನ್ ಆರಿಸುವ ಸಣ್ಣ ಸ್ವಿಚ್ಚನ್ನು ತಯಾರಕರು ಆ ಕಾರಣಕ್ಕೇ ಇಟ್ಟಿದ್ದಾರೆ. ಅದೂ ಕೈಕೊಟ್ಟರೆ ಕೊನೆಗೆ ಉಳಿಯುವುದು ದಾರ. ಸ್ಕೀ-ಡೂ ಕಂಪನಿಯ ಟೊಪ್ಪಿಯೊಳಗೆ ಸಂಕೇತ ತುಂಬಿದ ಚಿಪ್ ಇದೆ. ಆಯಾ ವಾಹನದ ಟೊಪ್ಪಿ ಕೂತ ಹೊರತು ಆ ವಾಹನ ಕದಲುವುದಿಲ್ಲ. ಕಳ್ಳರ ಭಯಕ್ಕಾದರೂ ಜನ ದಾರವನ್ನು ಕೈಯಲ್ಲಿ ಹಿಡಿಯಲಿ ಎಂಬ ಈ ಉಪಾಯ ಜಾಣತನದ್ದು. ಕೆಲವು ಕಂಪನಿಗಳು ಮಾತ್ರ ದಾರವನ್ನು ಪ್ರತ್ಯೇಕ ಬಿಡಿಭಾಗವಾಗಿ ಮಾರಿದ್ದೂ ಉಂಟು. ಪಂದ್ಯಗಳಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ದಾರ ಸಿಕ್ಕಿಸದೆ ಗೆರೆಯ ಬಳಿ ನಿಲ್ಲುವಂತಿಲ್ಲ.

ದಾರ ಇದ್ದೂ ಸಿಕ್ಕಿಸಿಕೊಳ್ಳದವರು ಅಲ್ಲಿಯೂ ಧಾರಾಳ. ಆಳದ ಹಿಮದಲ್ಲಿ ಎದ್ದು ನಿಂತು ಒಂದು ಬದಿಗೆ ವಾಲಿ ಓಡಿಸಬೇಕು, ದಾರ ಅಡ್ಡ ಬರುತ್ತದೆ. ಕಡಿದಾದ ಏರಿನ ನಡುವೆ ಅಕಸ್ಮಾತ್ ಟೊಪ್ಪಿ ಕಳಚಿದರೆ ವಾಹನ ಅಲ್ಲೇ ಹೂತುಕೊಳ್ಳುತ್ತದೆ. ಇಳಿದು ಹತ್ತುವಾಗಲೆಲ್ಲ ಸಿಕ್ಕಿಸುವುದು ಯಾರಿಗೆ ನೆನಪಿರುತ್ತದೆ? ‘ಅದನ್ನೆಲ್ಲ ಸಿಗಿಸ್ಕೊಂಡು ಕೆಲಸ ಮಾಡಕ್ಕಾಗುತ್ತಾ ಮಾರಾಯ್ರೆ’ ಎಂದು ಮೂಡಿಗೆರೆ ಕಡೆ ಹೇಳುವ ಮಾತನ್ನೇ ಕೆನಡಾದವನು ತನ್ನ ಭಾಷೆಯಲ್ಲಿ ಹೇಳುತ್ತಾನೆ. ಪರ್ವತದ ಇಳಿಜಾರಿನಲ್ಲಿ ಓಡಿಸುವ ಅನುಭವಿಗಳು ಇದಕ್ಕೆ ಕೊಡುವ ಉತ್ತರ ವ್ಯಾವಹಾರಿಕವಾದದ್ದು. ಸವಾರನಿಲ್ಲದ ವಾಹನ ಎಂಜಿನ್ ಓಡುತ್ತಲೇ ಕೆಳಗೆ ಹೊರಟರೆ ಮೊದಲು ಸಿಗುವುದು ಮರ ಅಥವಾ ಕೆಳಗೆ ನಿಂತ ಜೊತೆಗಾರ. ಎರಡೂ ಉಳಿದರೂ ನಡೆದು ವಾಪಸು ಬರುವ ದಾರಿ ಬಹಳ ಉದ್ದ.

ಹಿಮವಾಹನದ ಒಡಹುಟ್ಟು ಒಂದು ನಮ್ಮ ಕಾಫಿ ಬೆಟ್ಟಕ್ಕೆ ಬಂದಾಗಿದೆ. ದಪ್ಪ ಚಕ್ರದ, ನಾಲ್ಕು ಗಾಲಿಯ ಎಟಿವಿ. ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕೆಲವು ರೆಸಾರ್ಟು, ಹೋಂಸ್ಟೇಗಳ ಅಂಗಳದಲ್ಲಿ ಅದನ್ನು ಕಾಣಬಹುದು. ಒಡಹುಟ್ಟು ಅಂದದ್ದು ಸುಮ್ಮನೆ ಅಲ್ಲ. ಅಮೆರಿಕದ ಮಿನೆಸೋಟದಲ್ಲಿ 1950ರ ದಶಕದಿಂದ ಹಿಮವಾಹನ ಮಾಡುತ್ತಿದ್ದ ಪೊಲಾರಿಸ್ ಕಂಪನಿಯೇ 1985ರಲ್ಲಿ ಎಟಿವಿಗೆ ಕೈ ಹಾಕಿತು. ಹೆಬ್ಬೆರಳ ಲಿವರ್ ಅದೇ, ಬೆಲ್ಟಿನ ವ್ಯವಸ್ಥೆಯೂ ಬಹುಪಾಲು ಅದೇ. ಬೈಕ್ ಓಡಿಸಿ ಅಭ್ಯಾಸವಾದವರಿಗೆ ಆ ಲಿವರಿನಲ್ಲಿ ಒಂದು ತೊಡಕಿದೆ. ವಾಹನ ಕುಲುಕಿ ಹೆದರಿದಾಗ ಮನುಷ್ಯ ಹಿಡಿಕೆಯನ್ನು ಬಿಗಿಯಾಗಿ ಹಿಡಿಯುತ್ತಾನೆ. ಹಿಡಿತದ ಜೊತೆಗೆ ಹೆಬ್ಬೆರಳೂ ಒತ್ತುತ್ತದೆ. ನಿಲ್ಲಲಿ ಎಂದು ಬಿಗಿ ಹಿಡಿದಷ್ಟೂ ವಾಹನ ಮುಂದೆ ನುಗ್ಗುತ್ತದೆ.

ಮಕ್ಕಳ ಎಟಿವಿಗಳಲ್ಲಿ ಈ ಕಾರಣಕ್ಕೇ ಒಂದು ಒಳ್ಳೆಯ ಏರ್ಪಾಡಿದೆ. ದಾರ ಸವಾರನಿಗಲ್ಲದೆ ವಾಹನದ ಹಿಂಭಾಗಕ್ಕೂ ಇರುತ್ತದೆ. ಹಿಂದೆ ನಡೆದು ಬರುವ ದೊಡ್ಡವರು ಅದರ ತುದಿ ಹಿಡಿದಿರುತ್ತಾರೆ. ಮಗು ಗಾಬರಿಯಾಯಿತೆಂದು ಕಂಡ ಕೂಡಲೇ ಒಂದು ಜಗ್ಗು, ಎಂಜಿನ್ ಬಂದ್. ಎಂಜಿನ್ 90 ಸಿಸಿ ಮೀರಿದ ಎಟಿವಿಯನ್ನು ಹದಿನಾರು ವರ್ಷದೊಳಗಿನವರಿಗೆ ಕೊಡಬಾರದು ಎಂಬುದು ಅಮೆರಿಕದ ತಯಾರಕರು ಬಹುಕಾಲ ಪಾಲಿಸಿದ ಮಾತಾಗಿತ್ತು. ಅಲ್ಲಿ 1988ರಲ್ಲಿ ಸರ್ಕಾರದ ಜೊತೆಗಿನ ಒಪ್ಪಂದದ ಮೇಲೆ ಪಲ್ಟಿ ಹೊಡೆಯುವ ಮೂರು ಗಾಲಿಯ ಮಾದರಿಯ ಮಾರಾಟವನ್ನೇ ನಿಲ್ಲಿಸಲಾಯಿತು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದ ಕುಟುಂಬಕ್ಕೆ ಹತ್ತು ನಿಮಿಷದ ಸವಾರಿ ಕೊಡುವವರು ಹೆಲ್ಮೆಟ್ ಕೈಗಿಡುವಾಗಲೇ ದಾರವನ್ನೂ ಸಿಕ್ಕಿಸಿದರೆ ಹೆಚ್ಚಿಗೆ ಅರ್ಧ ನಿಮಿಷ. ಗಾಡಿಗೆ ದಾರ ಇದೆಯೇ ಎಂದು ಕೇಳುವ ಗಿರಾಕಿಗಳು ಕಡಿಮೆ, ಹೆಲ್ಮೆಟ್ಟಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆಯೇ ಎಂದು ಕೇಳುವವರು ಜಾಸ್ತಿ.

ದಾರದ ವಿಷಯದಲ್ಲಿ ಅತ್ಯಂತ ಕಹಿ ಪಾಠ ಬಂದದ್ದು ನೀರಿನ ಮೇಲೆ. 2013ರ ಮೇ 5ರಂದು ಇಂಗ್ಲೆಂಡಿನ ಪ್ಯಾಡ್‌ಸ್ಟೋ ಹತ್ತಿರದ ಅಳಿವೆಯಲ್ಲಿ ಆರು ಜನರ ಒಂದು ಕುಟುಂಬ ಸ್ಪೀಡ್ ಬೋಟಿನಲ್ಲಿತ್ತು. ಜೋರಾಗಿ ತಿರುಗಿಸಿದ ಹೊಡೆತಕ್ಕೆ ಆರೂ ಜನ ನೀರಿಗೆ ಬಿದ್ದರು. ದೋಣಿಯಲ್ಲಿ ದಾರವಿತ್ತು. ಅದು ಓಡಿಸುತ್ತಿದ್ದವರ ಮೈಗೆ ಸಿಕ್ಕಿಸಿರಲಿಲ್ಲ. ಯಾರೂ ಇಲ್ಲದ ದೋಣಿ ಪೂರ್ಣ ವೇಗದಲ್ಲಿ ಸುತ್ತು ಹೊಡೆಯುತ್ತ ನೀರಿನಲ್ಲಿದ್ದವರ ಮೇಲೆಯೇ ಮತ್ತೆ ಹಾಯಿತು. ತಂದೆ ಮತ್ತು ಎಂಟು ವರ್ಷದ ಮಗಳು ಸತ್ತರು, ಉಳಿದವರಲ್ಲಿ ತೀವ್ರ ಗಾಯವಾದವರೂ ಇದ್ದರು. ಕೊನೆಗೆ ಸ್ಥಳೀಯರೊಬ್ಬರು ಇನ್ನೊಂದು ದೋಣಿಯಿಂದ ಅದಕ್ಕೆ ಹಾರಿ ಎಂಜಿನ್ ನಿಲ್ಲಿಸಿದರು. ಅಲ್ಲಿನ ಸಾಗರ ಅಪಘಾತ ತನಿಖಾ ಸಂಸ್ಥೆಯ ವರದಿ ದಾರದ ವಿಷಯವನ್ನು ಸ್ಪಷ್ಟವಾಗಿ ದಾಖಲಿಸಿತು.

ಅಮೆರಿಕ 2021ರ ಏಪ್ರಿಲ್ 1ರಿಂದ ಇದನ್ನು ಕಾನೂನು ಮಾಡಿತು. 26 ಅಡಿಗಿಂತ ಚಿಕ್ಕದಾದ, ಇಂಥ ಸ್ವಿಚ್ಚು ಅಳವಡಿಸಿರುವ ಮೋಟಾರು ದೋಣಿಯನ್ನು ವೇಗದಲ್ಲಿ ಓಡಿಸುವವನು ಅದಕ್ಕೆ ತನ್ನನ್ನು ಜೋಡಿಸಿಕೊಂಡಿರಲೇಬೇಕು. ದಾರ ಬೇಡವೆನ್ನುವವರಿಗೆ ನಿಸ್ತಂತು ಸಾಧನವೂ ನಡೆಯುತ್ತದೆ. ಮೈಮೇಲಿನ ಸಣ್ಣ ಬಿಲ್ಲೆ ನೀರಿನಲ್ಲಿ ಮುಳುಗಿದರೆ ಎಂಜಿನ್ ಆರುತ್ತದೆ. ಸಿಗಿಸಿಕೊಂಡರೆ ಕೆಲಸಕ್ಕೆ ಅಡ್ಡಿ ಎಂಬ ಹಳೆಯ ನೆಪಕ್ಕೆ ಇಲ್ಲಿ ಉತ್ತರ ಸಿಕ್ಕಂತಾಯಿತು. ಮಲ್ಪೆ, ಮುರುಡೇಶ್ವರದ ಕಡಲಲ್ಲಿ ಜೆಟ್ ಸ್ಕೀ ಏರಿದವರು ಮಣಿಕಟ್ಟಿಗೆ ಸುತ್ತಿದ ದಾರವನ್ನು ಗಮನಿಸಿರಬಹುದು. ಜಿಮ್ಮಿನ ಟ್ರೆಡ್‌ಮಿಲ್ಲಿನಲ್ಲಿ ತೂಗಾಡುವ ಕೆಂಪು ಕ್ಲಿಪ್ ಕೂಡ ಇದೇ ಜಾತಿಯದು. ಅಂಗಿಗೆ ಸಿಕ್ಕಿಸಿಕೊಂಡು ನಡೆಯುವವರನ್ನು ಕಾಣುವುದು ಕಷ್ಟ.

ನಮ್ಮ ಬೈಕುಗಳ ಬಲಗೈಯ ಕೆಂಪು ಸ್ವಿಚ್ಚಿನ ಕತೆ ಇನ್ನೂ ತಮಾಷೆ. ಅದು ಇರುವುದೇ ಬಿದ್ದಾಗ ಎಂಜಿನ್ ಆರಿಸಲಿಕ್ಕೆ. ಹೆಚ್ಚಿನವರಿಗೆ ಅದರ ಪರಿಚಯವಾಗುವುದು ಗಾಡಿ ಸ್ಟಾರ್ಟ್ ಆಗದೆ ಒದ್ದು ಒದ್ದು ಬೆವರಿ, ಮೆಕ್ಯಾನಿಕ್‌ಗೆ ಫೋನು ಮಾಡಿ, ಅವನು ಬಂದು ಒಂದು ಮಾತೂ ಆಡದೆ ಆ ಸ್ವಿಚ್ಚು ಒತ್ತಿದಾಗ. ಈಚಿನ ಹಲವು ಬೈಕುಗಳಲ್ಲಿ ಗಾಡಿ ಮಗುಚಿದರೆ ತಾನೇ ಎಂಜಿನ್ ಆರಿಸುವ ಸೆನ್ಸರ್ ಇದೆ. ಸವಾರನ ನೆನಪನ್ನು ನೆಚ್ಚಿಕೊಳ್ಳದ ವ್ಯವಸ್ಥೆ ಎಂಬ ಕಾರಣಕ್ಕೆ ಅದು ಕೆಂಪು ಸ್ವಿಚ್ಚಿಗಿಂತ ಮೇಲು. ಬಂಡೆಯಿಂದ ಬಂಡೆಗೆ ಬೈಕ್ ಹಾರಿಸುವ ಅಂತರರಾಷ್ಟ್ರೀಯ ಟ್ರಯಲ್ಸ್ ಪಂದ್ಯಗಳಲ್ಲಿ ಅಯಸ್ಕಾಂತದ ಟೊಪ್ಪಿಯಿರುವ ದಾರ ಕಡ್ಡಾಯ. ಚಿಕ್ಕಮಗಳೂರಿನ ತೋಟಗಳ ಮಣ್ಣುದಾರಿಯಲ್ಲಿ ರಾಲಿ ನೋಡಿದವರಿಗೆ ಇನ್ನೊಂದು ಗುರುತು ನೆನಪಿರಬಹುದು: ಕಾರಿನ ಮೈಮೇಲೆ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚು. ಕಾರು ಪಲ್ಟಿಯಾದರೆ ಹೊರಗೆ ನಿಂತವರು ಅಲ್ಲಿ ಕೈ ಹಾಕಿ ಇಡೀ ಕಾರಿನ ವಿದ್ಯುತ್ತನ್ನು ಕಡಿಯಬಹುದು. ಒಳಗಿರುವವರಿಗೆ ಕೈ ಆಡಿಸಲು ಆಗದಿರಬಹುದು ಎಂದು ಮೊದಲೇ ಊಹಿಸಿ ಮಾಡಿದ ನಿಯಮ ಅದು.

ಇನ್ನು ಕಿತ್ತುಹೋದ ಆ ವೈರಿಗೆ ಮರಳೋಣ, ಇಡೀ ವಿಷಯದ ತಿರುಳು ಅದರಲ್ಲಿದೆ. ಬ್ರಷ್ ಕಟರಿನಂಥ ಸಣ್ಣ ಎಂಜಿನ್ನಿನಲ್ಲಿ ಕಿಡಿ ಹುಟ್ಟುವುದು ಮ್ಯಾಗ್ನೆಟೊದಿಂದ, ಬ್ಯಾಟರಿ ಬೇಕಿಲ್ಲ. ಸ್ವಿಚ್ಚು ಒತ್ತಿದರೆ ಆ ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಎಂಜಿನ್ನಿನ ಮೈಗೆ ಇಳಿದುಹೋಗಿ ಕಿಡಿ ಸಾಯುತ್ತದೆ. ಅಂದರೆ ಎಂಜಿನ್ ನಿಲ್ಲಬೇಕಾದರೆ ವೈರು ಗಟ್ಟಿಯಾಗಿರಬೇಕು. ವೈರು ಹರಿದರೆ ಎಂಜಿನ್ ನಿಲ್ಲುವುದಿಲ್ಲ, ನಿಲ್ಲುವ ದಾರಿಯನ್ನು ಕಳೆದುಕೊಳ್ಳುತ್ತದೆ. ಕೆಟ್ಟಿದೆ ಎಂದು ಗೊತ್ತಾಗುವುದೂ ಇಲ್ಲ, ಯಂತ್ರ ಚೆನ್ನಾಗಿಯೇ ಓಡುತ್ತಿರುತ್ತದಲ್ಲ. ದಾರದ ಸ್ವಿಚ್ಚುಗಳಲ್ಲೂ ಈ ಬಗೆಯವು ಇವೆ. ಸ್ಕೀ-ಡೂದ ಚಿಪ್ಪಿನ ಟೊಪ್ಪಿ ಇದಕ್ಕೆ ವಿರುದ್ಧ. ಅಲ್ಲಿ ಟೊಪ್ಪಿ ಇದೆ ಎಂಬ ಸುದ್ದಿ ತಲುಪುತ್ತಿದ್ದರೆ ಮಾತ್ರ ವಾಹನ ಓಡುತ್ತದೆ, ಸುದ್ದಿ ಕಡಿದರೆ ನಿಲ್ಲುತ್ತದೆ.

ರೈಲಿನವರು ಈ ವ್ಯತ್ಯಾಸವನ್ನು ನೂರೈವತ್ತು ವರ್ಷದ ಹಿಂದೆಯೇ ಬಗೆಹರಿಸಿಕೊಂಡರು. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಗಾಳಿ ಬ್ರೇಕಿನಲ್ಲಿ ಕೊಳವೆಗೆ ಗಾಳಿ ತುಂಬಿದರೆ ಬ್ರೇಕು ಹಿಡಿಯುತ್ತಿತ್ತು. ಕೊಳವೆ ಹರಿದರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವರು ಅದನ್ನು ತಲೆಕೆಳಗು ಮಾಡಿದರು. ಗಾಳಿ ತುಂಬಿದ್ದರೆ ಬ್ರೇಕು ಬಿಟ್ಟಿರುತ್ತದೆ, ಸೋರಿದರೆ ಹಿಡಿಯುತ್ತದೆ. ಬೋಗಿಗಳು ಕಳಚಿ ಹಿಂದುಳಿದರೂ ತಾವೇ ನಿಲ್ಲುತ್ತವೆ. ಬಣಕಲ್‌ನ ದಕ್ಷಿಣಕ್ಕೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ, 57 ಸುರಂಗಗಳ, 50 ಅಡಿಗೆ ಒಂದಡಿ ಇಳಿಜಾರಿನ ಘಾಟಿ ಹಳಿಯ ಮೇಲೆ ರೈಲುಗಳು ಓಡುವುದು ಈ ತತ್ವದ ಭರವಸೆಯಲ್ಲಿ. ಎಂಜಿನ್ನಿನಲ್ಲಿ ಇನ್ನೊಂದು ಕಾವಲೂ ಇದೆ. ಚಾಲಕ ಸುಮಾರು ಒಂದು ನಿಮಿಷ ಯಾವ ನಿಯಂತ್ರಣವನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಬಜರ್ ಕೂಗುತ್ತದೆ. ಆಗಲೂ ಅವನು ಗುಂಡಿ ಒತ್ತದಿದ್ದರೆ ಬ್ರೇಕು ತಾನೇ ಬೀಳುತ್ತದೆ. ದಾರವಿಲ್ಲದ ದಾರ.

ತೋಟದ ಯಂತ್ರಗಳಲ್ಲಿ ಈ ಬುದ್ಧಿ ಚೆನ್ನಾಗಿ ಇಳಿದಿರುವುದು ಚೈನ್ ಗರಗಸದಲ್ಲಿ. ಗರಗಸದ ತುದಿ ಮರಕ್ಕೆ ತಾಗಿದರೆ ಬ್ಲೇಡು ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಒದೆಯುತ್ತದೆ. 1970ರ ದಶಕದ ಆರಂಭದಲ್ಲಿ ಯುರೋಪಿನ ತಯಾರಕರು ಮುಂಗೈ ತಗುಲಿದರೆ ಚೈನನ್ನು ಹಿಡಿದು ನಿಲ್ಲಿಸುವ ಬ್ರೇಕನ್ನು ತಂದರು. ಬಳಿಕ ಕೈ ತಗುಲುವ ಅಗತ್ಯವೂ ಇಲ್ಲದಾಯಿತು. ಗರಗಸ ಒದೆಯುವ ರಭಸವೇ ಬ್ರೇಕನ್ನು ಬೀಳಿಸುತ್ತದೆ. ಬಿದ್ದವನ ತೂಕ ದಾರವನ್ನು ಜಗ್ಗುವುದೂ ಒದ್ದ ಗರಗಸ ತನ್ನನ್ನು ತಾನೇ ಹಿಡಿದುಕೊಳ್ಳುವುದೂ ಒಂದೇ ಯೋಚನೆಯ ಎರಡು ರೂಪ. ಮುಂಗಾರಿಗೆ ಮುನ್ನ ನೆರಳು ಕಡಿಮೆ ಮಾಡುವ ಮರಗಸಿ ಕೆಲಸದಲ್ಲಿ ಗರಗಸ ಮರದ ಮೇಲಕ್ಕೂ ಹೋಗುತ್ತದೆ. ಅಲ್ಲಿ ನಿಂತವನಿಗೆ ಈ ಬ್ರೇಕ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಏಣಿಯಷ್ಟೇ ಮುಖ್ಯ. ಪಟ್ಟಿಗೆ ಎಣ್ಣೆ ಕೊಳೆ ಹಿಡಿದಿದ್ದರೆ ಬ್ರೇಕ್ ಹೆಸರಿಗೆ ಮಾತ್ರ.

ಅಗತ್ಯ ಹೆಚ್ಚಿದ್ದೂ ದಾರ ಸುಲಭಕ್ಕೆ ಒಗ್ಗದ ಯಂತ್ರ ಪವರ್ ಟಿಲ್ಲರ್. ಹೇಮಾವತಿ ಹುಟ್ಟುವ ಈ ಸೀಮೆಯಲ್ಲಿ ಅಳಿದುಳಿದ ಗದ್ದೆಗಳನ್ನು ಉಳುವುದು ಇದೇ. ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ 1967ರಲ್ಲಿ ಶುರುವಾಯಿತು. ಕೇರಳದ ಕಾಮ್ಕೋ ಟಿಲ್ಲರ್ ಕೂಡ ಘಟ್ಟದ ಈಚೆ ಹಳೆಯ ಪರಿಚಯ. ಟಿಲ್ಲರಿನ ಅಪಾಯ ಇರುವುದು ರಿವರ್ಸ್‌ನಲ್ಲಿ. ಹಿಂದಕ್ಕೆ ಬರುವಾಗ ಹಿಡಿಕೆ ಮೇಲೇಳುತ್ತದೆ, ಮನುಷ್ಯ ಹಿಂದೆ ಹೆಜ್ಜೆ ಹಾಕುತ್ತಾನೆ, ಬದುವೋ ಮರವೋ ಬೆನ್ನಿಗೆ ತಾಗುತ್ತದೆ. ಕೆಸರಿನಲ್ಲಿ ಎಡವಿದರೆ ತಿರುಗುವ ಕತ್ತಿಗಳು ಬರುವುದು ಕಾಲಿನ ಕಡೆಗೆ. ಕ್ಲಚ್ ಲಿವರನ್ನು ತಾನಾಗಿ ಬಿಡುವಂತೆ ಮಾಡಿದ್ದರೆ ಒಳಿತಿತ್ತು, ಹೆಚ್ಚಿನ ಟಿಲ್ಲರುಗಳಲ್ಲಿ ಅದನ್ನು ಕೈಯಿಂದ ಎಳೆದೇ ಬಿಡಿಸಬೇಕು.

ಇಲ್ಲಿ ಪೆಟ್ರೋಲ್ ಎಂಜಿನ್ನಿನ ದಾರವನ್ನು ತಂದು ಕಟ್ಟಿದರೆ ಪ್ರಯೋಜನವಿಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ, ಕಡಿಯುವುದೇನನ್ನು? ಅದನ್ನು ಆರಿಸಬೇಕಾದರೆ ಇಂಧನ ನಿಲ್ಲಿಸಬೇಕು. ಹಾಗಾಗಿ ದಾರ ಜಗ್ಗಿದಾಗ ಪಂಪಿನ ಇಂಧನ ಲಿವರನ್ನು ಸ್ಪ್ರಿಂಗ್ ಎಳೆದು ಮುಚ್ಚುವ ಜೋಡಣೆ ಬೇಕು, ಇಲ್ಲವೇ ವಿದ್ಯುತ್ ಕಡಿದರೆ ಮುಚ್ಚಿಕೊಳ್ಳುವ ವಾಲ್ವ್ ಬೇಕು. ಇದು ರಾಕೆಟ್ ವಿದ್ಯೆಯೇನೂ ಅಲ್ಲ. ಗದ್ದೆ ಬದಿಯಲ್ಲಿ ಮಾಡುವ ಕೆಲಸವೂ ಅಲ್ಲ, ಕಾರ್ಖಾನೆಯಲ್ಲೇ ಆಗಬೇಕಾದದ್ದು.

ಕಾನೂನು ಮನಸ್ಸು ಮಾಡಿದರೆ ಯಂತ್ರದ ಆಕಾರ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ಹುಲ್ಲು ಕತ್ತರಿಸುವ ಮಿಷನ್ ಸಾಕ್ಷಿ. 1982ರ ಮಧ್ಯದಿಂದ ಅಲ್ಲಿ ತಯಾರಾಗುವ, ಹಿಂದೆ ನಡೆದು ತಳ್ಳುವ ಮಿಷನ್ನಿನಲ್ಲಿ ಹಿಡಿಕೆ ಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕು. ನಮ್ಮಲ್ಲೂ ಪ್ರಯತ್ನವಾಗಿದೆ. ಒಕ್ಕಣೆಯ ಥ್ರೆಶರ್‌ಗಳಿಗೆ ಸಿಕ್ಕಿ ಉತ್ತರದ ರಾಜ್ಯಗಳಲ್ಲಿ ಸಾಲು ಸಾಲಾಗಿ ಕೈಗಳು ಹೋದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಅದರ ಕಣ್ಣಿದ್ದುದು ಗೋಧಿ ಸೀಮೆಯ ಕಣದ ಮೇಲೆ. ಹೆಗಲ ಮೇಲೆ ಹೊತ್ತು ಇಳಿಜಾರಿನಲ್ಲಿ ನಡೆಯುವ ಎಂಜಿನ್ನು ಆಗಿನ್ನೂ ಕಾಫಿ ತೋಟದ ಬೇಲಿ ದಾಟಿರಲಿಲ್ಲ.

ಮಿಷನ್ ಸದ್ದಿನೊಳಗೆ ಇರುವವನಿಗೆ ಹೊರಗಿನದು ಏನೂ ಕೇಳುವುದಿಲ್ಲ ಎಂಬುದೂ ಇಲ್ಲಿನ ಒಂದು ಸಂಗತಿ. ಮೂಡಿಗೆರೆ ತೋಟಗಳಲ್ಲಿ ಆನೆ ಬಂದಿದೆ ಎಂದು ಕೂಗಿದರೂ ಕೇಳುವುದಿಲ್ಲ, ಇನ್ನು ‘ನಿಲ್ಸು ನಿಲ್ಸು’ ಅಂದರೆ ಕೇಳೀತೇ. ಬ್ಲೇಡಿನಿಂದ ಹದಿನೈದು ಮೀಟರ್ ದೂರ ಇರಿ ಎಂದು ಕೈಪಿಡಿಗಳು ಹೇಳುತ್ತವೆ. ಆ ದೂರದಿಂದ ಜೊತೆಗಾರ ಓಡಿ ಬಂದು ಸ್ವಿಚ್ಚು ಹುಡುಕುವ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ. ಬಿದ್ದವನೇ ಕೊಂಡಿ ಎಳೆದು ಯಂತ್ರವನ್ನು ಮೈಯಿಂದ ಕಳಚಿ ದೂಡಬೇಕು. ಬೆನ್ನ ಮೇಲೆ ಎಂಜಿನ್ ಇರುವ ಮಾದರಿಯಲ್ಲಿ ಇದು ಇನ್ನೂ ತುರ್ತು. ಬಿಸಿ ಸೈಲೆನ್ಸರ್ ಮತ್ತು ಪೆಟ್ರೋಲ್ ಟ್ಯಾಂಕು ಎರಡೂ ಅವನ ಜೊತೆಯಲ್ಲೇ ನೆಲಕ್ಕೆ ಬಂದಿರುತ್ತವೆ.

ಸ್ನೋಮೊಬೈಲಿನ ಕೈಪಿಡಿಗಳು ಪ್ರತಿ ಸವಾರಿಗೆ ಮುನ್ನ ಒಂದು ಪರೀಕ್ಷೆ ಹೇಳುತ್ತವೆ: ಎಂಜಿನ್ ಹಚ್ಚಿ, ದಾರ ಜಗ್ಗಿ, ಎಂಜಿನ್ ಆರಿತೇ ನೋಡಿ, ಆಮೇಲೆ ಹೊರಡಿ. ಬಣಕಲ್ ತೋಟದಲ್ಲಿ ಇದಕ್ಕೆ ಸಮನಾದದ್ದು ಹೀಗಿರಬಹುದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಟ್ಯಾಂಕು ತುಂಬಿದ ಮೇಲೆ ಮಿಷನ್ನನ್ನು ಸಮತಟ್ಟಿನಲ್ಲಿ ಸ್ಟಾರ್ಟ್ ಮಾಡಿ, ಬೆರಳು ಬಿಟ್ಟಾಗ ಬ್ಲೇಡು ನಿಲ್ಲುತ್ತದೆಯೇ ನೋಡುವುದು. ತಗ್ಗಿನ ವೇಗದಲ್ಲೂ ತಿರುಗುತ್ತಿದ್ದರೆ ಕ್ಲಚ್ ಸ್ಪ್ರಿಂಗ್ ಹೋಗಿದೆ ಅಥವಾ ಐಡಲ್ ಜಾಸ್ತಿಯಾಗಿದೆ. ಸ್ವಿಚ್ಚು ಒತ್ತಿ ಎಂಜಿನ್ ಆರಿಸುವುದು, ಚೋಕಿನಿಂದ ಅಲ್ಲ. ಎಂಜಿನ್ ಆರಿದ ಮೇಲೆ ಬೆಲ್ಟ್ ಹಾಕಿಕೊಂಡು ಕೊಂಡಿಯನ್ನು ಒಮ್ಮೆ ಎಳೆದು ನೋಡುವುದು. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆಯಿಂದಲೋ ಬಾಡಿಗೆ ತಂಡದಿಂದಲೋ ಮಿಷನ್ ತರಿಸುವ ಸಾಹುಕಾರರು ಬಾಡಿಗೆ ಚೌಕಾಸಿ ಮಾಡುವಾಗಲೇ ಇದನ್ನು ಎದುರಿಗೆ ಮಾಡಿಸಿ ನೋಡಬಹುದು. ಟ್ಯೂಬಿನ ಚೂರು ಕಂಡರೆ ಅಲ್ಲೇ ಕತ್ತರಿಸಿ ಹಾಕಿ, ಆ ಬೆರಳಿಗೆ ಗಂಟೆಗೊಮ್ಮೆ ಬಿಡುವು ಕೊಡಬೇಕಾಗುತ್ತದೆ. ಆ ಬಿಡುವಿನ ಕೂಲಿ ತೋಟದ ಲೆಕ್ಕಕ್ಕೆ ಸೇರುತ್ತದೆ, ರೈಟರ್ ಅದನ್ನು ಪುಸ್ತಕದಲ್ಲಿ ಬರೆಯಬೇಕು.